ಬಾಡಿಗೆಯ ಉಳಿತಾಯವೊಂದೇ ಲಾಭವಲ್ಲ
ರೋಣ, ನರಗುಂದ, ಗಜೇಂದ್ರಗಡಗಳಿಗೆ ಉದ್ಯಮ ಸ್ಥಳಾಂತರ: ಒಂದು ಲೆಕ್ಕಾಚಾರ

ಹುಬ್ಬಳ್ಳಿಯಲ್ಲಿ ಮಳಿಗೆಯ ಬಾಡಿಗೆ ಕರಾರು ನವೀಕರಿಸುವ ಸಮಯ ಬಂದಾಗಲೆಲ್ಲ ಕೆಲವು ಕಕ್ಷಿದಾರರು ನನ್ನೆದುರು ಒಂದೇ ಪ್ರಶ್ನೆಯನ್ನಿಡುತ್ತಾರೆ: “ಇಷ್ಟು ಖರ್ಚು ಮಾಡಿ ಇಲ್ಲೇ ಯಾಕ್ರೀ ಇರಬೇಕು? ನಮ್ಮೂರ ಕಡೆ ಹೋದರೆ ಹೆಂಗ?” ಇವರಲ್ಲಿ ಹೆಚ್ಚಿನವರ ಮೂಲ ಊರು ರೋಣ, ನರಗುಂದ ಅಥವಾ ಗಜೇಂದ್ರಗಡ. ಊರಿನಲ್ಲಿ ವಯಸ್ಸಾದ ತಂದೆತಾಯಿಯರಿದ್ದಾರೆ, ಹಳೆಯ ಮನೆಯಿದೆ. ಜೀವನವೆಚ್ಚ ಕಡಿಮೆ. ಏಪ್ರಿಲ್, ಮೇ ತಿಂಗಳ ಬಿಸಿಲು ಕಡಿಮೆಯೇನಲ್ಲವಾದರೂ ಚಳಿಗಾಲ ಹಿತಕರ, ಮುಂಗಾರಿನಲ್ಲಿ ತಂಪುಗಾಳಿ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಆಸೆ ಸಹಜವಾದುದು. ಆದರೆ ಆಸೆಗೂ ಲೆಕ್ಕಕ್ಕೂ ತಾಳೆಯಾಗಬೇಕು.

ಉಳಿತಾಯ ಎಲ್ಲಿ ಕರಗುತ್ತದೆ?

ಕೇವಲ ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ನಗರದ ಮಳಿಗೆಯ ಬಾಡಿಗೆ ತಿಂಗಳಿಗೆ 40,000 ರೂ., ಸಣ್ಣ ಪಟ್ಟಣದಲ್ಲಿ 12,000 ರೂ. ವರ್ಷದ ಉಳಿತಾಯ 3.36 ಲಕ್ಷ ರೂ. ವಾರ್ಷಿಕ ವಹಿವಾಟು ಒಂದು ಕೋಟಿ. ಇನ್ನು ಎದುರು ಬದಿಯನ್ನು ನೋಡೋಣ. ಹೊಸ ಊರಿನಲ್ಲಿ ಉದ್ರಿ ವಸೂಲಿ ಎರಡು ತಿಂಗಳು ತಡವಾದರೆ ಸುಮಾರು 16.67 ಲಕ್ಷ ರೂ. ಹೆಚ್ಚುವರಿ ದುಡಿಯುವ ಬಂಡವಾಳ ಬೇಕು, ಶೇ. 12ರ ದರದಲ್ಲಿ ಅದರ ಬಡ್ಡಿ 2 ಲಕ್ಷ. ಸರಕು ಸಾಗಣೆಗೆ ತಿಂಗಳಿಗೆ 12,000 ರೂ. ಹೆಚ್ಚಾದರೆ 1.44 ಲಕ್ಷ. ಒಟ್ಟು 3.44 ಲಕ್ಷ. ಅಂದರೆ ಬಾಡಿಗೆಯ ಉಳಿತಾಯವೆಲ್ಲ ಹೋಗಿ, ಮೇಲೆ 8,000 ರೂ. ನಷ್ಟ!

ಉದ್ರಿ ತಡವಾಗುವುದು ಜನರ ದೋಷದಿಂದಲ್ಲ, ಬೆಳೆಯ ಹಂಗಾಮಿನಿಂದ. ಈ ಎರೆಭೂಮಿಯಲ್ಲಿ ಪೇಟೆಯ ಹಣ ಹೆಸರು, ಹತ್ತಿ, ಕಡಲೆಯ ಫಸಲಿನೊಂದಿಗೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಅಂಗಡಿಕಾರನೇ ಊರಿನ ಬ್ಯಾಂಕು. ಇತ್ತ ಹಣ ಬರಲಿ, ಬಿಡಲಿ, ಸಾಮಾನ್ಯ ಪದ್ಧತಿಯಲ್ಲಿರುವ ವರ್ತಕರು ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಆಯಾ ಅವಧಿಯಲ್ಲೇ ಕಟ್ಟಬೇಕು. 1980ರ ಜುಲೈ 21ರಂದು ನರಗುಂದದಲ್ಲಿ ಸ್ಫೋಟಿಸಿದ ರೈತ ಬಂಡಾಯದ ಹಿಂದೆ ಮಲಪ್ರಭಾ ಅಚ್ಚುಕಟ್ಟಿನ ನೀರಿನ ಕರ ಹಾಗೂ ಅಭಿವೃದ್ಧಿ ಕರದ ಹೊರೆಯಿತ್ತು. ಆದಾಯ ಕೈಸೇರುವ ಮೊದಲೇ ಖರ್ಚು ಬಾಗಿಲಿಗೆ ಬಂದು ನಿಂತರೆ ಏನಾಗುತ್ತದೆಂಬುದನ್ನು ಈ ನೆಲ ಬಲ್ಲದು.

ನೆಲ ಮತ್ತು ದಾರಿ

ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಕಟ್ಟಡದ ಅಡಿಪಾಯಕ್ಕೆ ಹೆಚ್ಚು ವೆಚ್ಚ ತಗಲುತ್ತದೆ; ಅಗ್ಗದ ನಿವೇಶನವೆಲ್ಲ ಅಗ್ಗದ ಶೆಡ್ ಆಗದು. ಮಲಪ್ರಭೆಯ ದಂಡೆಯ ಕೊಣ್ಣೂರು, ಹೊಳೆಆಲೂರು ಭಾಗಗಳು 2019ರ ಆಗಸ್ಟ್‌ನಲ್ಲಿ ಪ್ರವಾಹಕ್ಕೆ ತುತ್ತಾದವು. ಗೋದಾಮಿಗೆ ಜಾಗ ನೋಡುವವರು ಇದನ್ನು ಮರೆಯಬಾರದು. ನರಗುಂದವು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ರೋಣ ತಾಲ್ಲೂಕಿಗೆ ಗದಗ–ಹೋಟಗಿ ರೈಲು ಮಾರ್ಗದ ಅನುಕೂಲವಿದೆ. ಗಜೇಂದ್ರಗಡಕ್ಕೆ ರಸ್ತೆಯೊಂದೇ ಆಧಾರ.

ತೆರಿಗೆಯ ಪಾಠ

ಉಡುಪು ತಯಾರಿಸುವ ನನ್ನ ಕಕ್ಷಿದಾರರೊಬ್ಬರು ನಗರದ ಶೆಡ್ಡನ್ನು ಮಾರಿ ರೋಣದ ಸಮೀಪದ ಹಳ್ಳಿಗೆ ಹೋದರು. ನಗರ ಪ್ರದೇಶದಿಂದ ನಗರೇತರ ಪ್ರದೇಶಕ್ಕೆ ಸ್ಥಳಾಂತರಗೊಳ್ಳುವ ಕೈಗಾರಿಕಾ ಘಟಕಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 54ಜಿ ಕಲಮು ಬಂಡವಾಳ ಲಾಭದ ಮೇಲೆ ವಿನಾಯಿತಿ ನೀಡಿತ್ತು. ಮಾರಾಟದ ಹಿಂದಿನ ಒಂದು ವರ್ಷ ಅಥವಾ ಮುಂದಿನ ಮೂರು ವರ್ಷಗಳೊಳಗೆ ಹೊಸ ಸ್ಥಳದಲ್ಲಿ ಹಣ ತೊಡಗಿಸಬೇಕು. ಬಳಕೆಯಾಗದ ಮೊತ್ತವನ್ನು ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದೊಳಗೆ ಬಂಡವಾಳ ಲಾಭ ಖಾತೆ ಯೋಜನೆಯಲ್ಲಿ ಜಮಾ ಮಾಡಬೇಕು. ಅವರು ಆ ಹಣವನ್ನು ಚಾಲ್ತಿ ಖಾತೆಯಲ್ಲೇ ಇಟ್ಟು, ಗಡುವು ಮುಗಿದ ಮೇಲೆ ನನ್ನಲ್ಲಿಗೆ ಬಂದರು. ಹೊಸ ಯಂತ್ರಗಳಿಗೆಂದು ತೆಗೆದಿರಿಸಿದ ಹಣದ ಒಂದು ಭಾಗ ತೆರಿಗೆಗೆ ಹೋಯಿತು. ಕೆಲವು ತಿಂಗಳು ಮೊದಲು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಈ ವಿನಾಯಿತಿ ಕೈಗಾರಿಕೆಗೆ ಮಾತ್ರ, ವರ್ತಕರ ಅಂಗಡಿಗಲ್ಲ. ಹೋಗುವ ಜಾಗ ಕಾನೂನಿನ ಅರ್ಥದಲ್ಲಿ ನಗರೇತರವೇ ಎಂಬುದನ್ನೂ, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲಿನ ಕಲಮನ್ನೂ ಮೊದಲೇ ಪರಿಶೀಲಿಸಬೇಕು. ಜಿಎಸ್‌ಟಿ ನೋಂದಣಿಯಲ್ಲಿ ಸ್ಥಳ ಬದಲಾವಣೆಯನ್ನು 15 ದಿನಗಳೊಳಗೆ ಸಲ್ಲಿಸಬೇಕು. ಕೃಷಿ ಜಮೀನಾದರೆ ಭೂ ಪರಿವರ್ತನೆಯ ಅಗತ್ಯವನ್ನೂ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯನ್ನೂ ಮರೆಯುವಂತಿಲ್ಲ.

ಯಾರು ಹೋಗಬಹುದು?

ಕಚ್ಚಾ ಮಾಲು ಅಥವಾ ಪಳಗಿದ ಕೈ ಆ ಊರಿನಲ್ಲೇ ಇದ್ದು, ಗಿರಾಕಿ ಹೊರಗಿರುವವರಿಗೆ ಸ್ಥಳಾಂತರ ಲಾಭಕರ. ಕಡಲೆ ಬೇಳೆಯ ಗಿರಣಿ, ಹತ್ತಿಯ ಜಿನ್ನಿಂಗ್, ನೇಕಾರಿಕೆಯ ಪರಂಪರೆಯಿರುವ ಗಜೇಂದ್ರಗಡದಲ್ಲಿ ಬಟ್ಟೆಯ ಕೆಲಸ ಇವು ಇಂಥವು. ಗಿರಾಕಿಯೂ ಮಾಲೂ ನಗರದಲ್ಲೇ ಇದ್ದು ಬಾಡಿಗೆಗಾಗಿ ಮಾತ್ರ ಹೊರಡುವವರು ಮತ್ತೊಮ್ಮೆ ಯೋಚಿಸುವುದು ಲೇಸು. ಅಂಥವರು ಮೊದಲು ಒಂದು ಪೂರ್ಣ ವರ್ಷ ಅಲ್ಲಿ ಶಾಖೆಯನ್ನಷ್ಟೇ ನಡೆಸಿ ಎಲ್ಲ ಹಂಗಾಮುಗಳ ವಸೂಲಿಯನ್ನು ನೋಡಲಿ. ತಂದೆತಾಯಿಯರ ಬಳಿ ಇರುವ ನೆಮ್ಮದಿಗೆ ಯಾವ ಖಾತೆಯಲ್ಲೂ ಬೆಲೆ ಕಟ್ಟಲಾಗದು. ಆದರೆ ಆ ನೆಮ್ಮದಿ ಉಳಿಯಬೇಕಾದರೆ ಅಂಗಡಿಯೂ ಉಳಿಯಬೇಕಲ್ಲವೇ?