‘ಹೇಗಿದೆ?’ ಎಂದು ಕೇಳಬೇಡಿ, ‘ಏನು ಕಂಡಿತು?’ ಎಂದು ಕೇಳಿ

ಸುಗ್ಗಿ ಹಬ್ಬವಾದ ಪುತ್ತರಿ ಹತ್ತಿರ ಬಂತೆಂದರೆ ಕೊಡಗಿನ ಕಾಲೇಜು ಮಕ್ಕಳ ಮೊಬೈಲುಗಳಿಗೆ ಬಿಡುವಿರುವುದಿಲ್ಲ. ಗದ್ದೆಯ ಬದು, ಬಾಣೆ, ಮನೆತನದ ಮೂಲಮನೆಯಾದ ಐನ್‌ಮನೆಯ ಜಗಲಿ ಎಲ್ಲವೂ ಚಿತ್ರೀಕರಣದ ತಾಣಗಳೇ. ಕೊಡವ ತಕ್ಕಿನಲ್ಲಿ ಹಾಡು ಕಟ್ಟುವವರು, ಹಾಡುವವರು, ಕುಣಿಯುವವರು, ಎಡಿಟ್ ಮಾಡುವವರು ಎಲ್ಲರೂ ಇಪ್ಪತ್ತರ ಆಚೀಚಿನವರು. ಪತ್ರಿಕೋದ್ಯಮ ಪಾಠ ಮಾಡುವ ನನಗೆ ಇದು ದೊಡ್ಡ ಸಂತೋಷ. 2001ರ ಜನಗಣತಿಯಲ್ಲಿ ಕೊಡವ ತಕ್ಕ್ ನಮ್ಮ ಮಾತೃಭಾಷೆ ಎಂದು ಬರೆಸಿದವರು 1,66,187 ಮಂದಿ. 2011ರಲ್ಲಿ ಆ ಸಂಖ್ಯೆ 1,13,857ಕ್ಕೆ ಇಳಿದಿತ್ತು. ಹೀಗಿರುವಾಗ ಎಳೆಯರ ಬಾಯಲ್ಲಿ ಆ ಭಾಷೆಯ ಹೊಸ ಹಾಡು ಕೇಳುವುದೇ ಭರವಸೆಯ ಮಾತು.

ಆದರೆ ವಿಡಿಯೊ ಹೊರಬಂದ ಮೇಲೆ ಮಕ್ಕಳ ಕೈಗೆ ಸಿಗುವುದೇನು? ವಾಟ್ಸ್‌ಆಪ್ ಗುಂಪಿನಲ್ಲಿ ‘ಸೂಪರ್’, ‘ಚೆನ್ನಾಗಿದೆ’, ಒಂದಷ್ಟು ಹೆಬ್ಬೆರಳು. ಇದರಿಂದ ಮನಸ್ಸಿಗೆ ಖುಷಿಯಾಗುತ್ತದೆ, ಕಲಿಕೆಗೆ ಏನೂ ಒದಗುವುದಿಲ್ಲ. ಅದಕ್ಕಾಗಿ ನಮ್ಮ ವಿದ್ಯಾರ್ಥಿಗಳ ತಂಡವೊಂದು ಪುತ್ತರಿಯ ಮೇಲೆ ಮಾಡಿದ ವಿಡಿಯೊವನ್ನು ಯೂಟ್ಯೂಬಿಗೆ ಹಾಕುವ ಮೊದಲೇ ತರಗತಿಯಲ್ಲಿ ಪ್ರೊಜೆಕ್ಟರ್ ಇಟ್ಟು ತೋರಿಸಿತು. ಊರಿನ ಹಿರಿಯರು, ಹಾಸ್ಟೆಲಿನ ಹುಡುಗಿಯರು, ಬೇರೆ ವಿಭಾಗದ ಗೆಳೆಯರು ಬಂದರು. ನಾನು ಹಾಕಿದ ನಿಯಮ ಒಂದೇ: ‘ಹೇಗಿದೆ?’ ಎಂದು ಯಾರನ್ನೂ ಕೇಳಕೂಡದು. ಮನೆಗೆ ಬಂದ ನೆಂಟ ಊಟ ಚೆನ್ನಾಗಿಲ್ಲ ಎನ್ನುತ್ತಾನೆಯೇ? ‘ಏನು ಕಂಡಿರಿ, ಏನು ಅರ್ಥವಾಯಿತು, ಎಲ್ಲಿ ಗಮನ ತಪ್ಪಿತು?’ ಇಷ್ಟನ್ನು ಕೇಳಿ, ಉತ್ತರ ಬರೆದುಕೊಂಡು, ಸಮರ್ಥನೆಗೆ ಇಳಿಯದೆ ಸುಮ್ಮನಿರಬೇಕು.

ಮೊದಲು ಮಾತಾಡಿದವರು ಒಬ್ಬ ಅಜ್ಜ. “ಕದಿರು ತೆಗೆಯುವುದು ರಾತ್ರಿ ಅಲ್ಲವಾ ಮಕ್ಕಳೇ? ನೀವು ಮಟಮಟ ಮಧ್ಯಾಹ್ನ ತೆಗೆದಿದ್ದೀರಿ. ಆ ಹುಡುಗ ಬಿಳಿ ಕುಪ್ಯ ತೊಟ್ಟಿದ್ದಾನೆ, ಅವನಿಗೇನು ಮದುವೆಯಾ?” ಕುಪ್ಯವೆಂದರೆ ಕೊಡವ ಗಂಡಸರ ನಿಲುವಂಗಿ. ಹಬ್ಬದ ದಿನ ತೊಡುವುದು ಕಪ್ಪು ಕುಪ್ಯ, ಬಿಳಿಯದು ಮದುಮಗನದು. ಅಜ್ಜ ಇನ್ನೂ ಒಂದನ್ನು ಹಿಡಿದರು: “ದುಡಿಯ ಮೇಲೆ ಕೈ ಬೀಳುವುದು ಒಂದು ಕಡೆ, ಸದ್ದು ಕೇಳುವುದು ಇನ್ನೊಂದು ಕಡೆ.” ನಿಜ. ದುಡಿ ವಾದ್ಯದ ಧ್ವನಿಯನ್ನು ಮೊದಲೇ ಬೇರೆಯಾಗಿ ಮುದ್ರಿಸಿದ್ದರು. ಚಿತ್ರೀಕರಣದ ಹೊತ್ತಿಗೆ ಗಾಳಿಯಲ್ಲಿ ಮೊಬೈಲಿನ ಹಾಡು ದುಡಿ ಹಿಡಿದವರ ಕಿವಿಗೆ ತಲುಪಿರಲಿಲ್ಲ. ಇದಕ್ಕೆ ಪರಿಹಾರ ಸುಲಭ. ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಬೇಕು, ಪ್ರತಿ ಶಾಟಿನಲ್ಲೂ ಕ್ಯಾಮೆರಾದ ಮೈಕಿನಲ್ಲಿ ಆ ಹಾಡು ಮುದ್ರಣವಾಗುವಂತೆ ನೋಡಿಕೊಳ್ಳಬೇಕು. ಎಡಿಟ್ ಮಾಡುವಾಗ ಕ್ಯಾಮೆರಾದಲ್ಲಿ ಕೇಳುವ ಆ ಹಾಡಿನ ಗುರುತು ಹಿಡಿದು ಚಿತ್ರ, ಧ್ವನಿ ಎರಡನ್ನೂ ಹೊಂದಿಸಬಹುದು.

ಹಿರಿಯರ ಮಾತನ್ನೂ ಪರಿಶೀಲಿಸಿಯೇ ಒಪ್ಪಬೇಕು ಎಂದು ಮಕ್ಕಳಿಗೆ ಹೇಳಿದ್ದೆ. ಅವರು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಕೊಡವ ಜನಪದ ಹಾಡು, ಆಚರಣೆಗಳ ಪುಸ್ತಕ ‘ಪಟ್ಟೋಲೆ ಪಳಮೆ’ಯನ್ನು ತೆರೆದು ಕುಳಿತರು, ತಮ್ಮ ತಮ್ಮ ಮನೆಯ ಹಿರಿಯರನ್ನೂ ಕೇಳಿದರು. ಒಂದು ವಿಡಿಯೊದ ನೆಪದಲ್ಲಿ ನೂರು ವರ್ಷದ ಹಿಂದಿನ ಪುಸ್ತಕ ಮತ್ತೆ ಎಳೆಯರ ಕೈಗೆ ಬಂತು. ನೋಡುಗರ ಮಾತಿನಿಂದಾದ ಮೊದಲ ಲಾಭ ಅದು.

ಎರಡನೆಯ ಗುಂಪು ಭಾಷೆ ತಿಳಿಯದವರದು. 2011ರಲ್ಲಿ ಕೊಡಗಿನ ಜನಸಂಖ್ಯೆ 5,54,519. ಅವರಲ್ಲಿ ಕನ್ನಡ, ಮಲಯಾಳ, ಅರೆಭಾಷೆ, ತುಳು, ಎರವ ಮಾತಾಡುವವರೆಲ್ಲ ಇದ್ದಾರೆ. ಎಂದರೆ ನಮ್ಮ ಜಿಲ್ಲೆಯಲ್ಲೇ ಬಹುಪಾಲು ಜನಕ್ಕೆ ಈ ಹಾಡಿನ ಮಾತು ತಿಳಿಯದು. ಮನೆಯಲ್ಲಿ ಮಲಯಾಳ ಮಾತಾಡುವ ಹುಡುಗಿಯೊಬ್ಬಳು ಕೇಳಿದಳು: “ಆ ಅಣ್ಣ ಹಬ್ಬಕ್ಕೆ ಊರಿಗೆ ಬಂದದ್ದಾ, ಊರು ಬಿಟ್ಟು ಹೊರಟದ್ದಾ?” ಕಥೆಯ ತಿರುಳೇ ಅವಳಿಗೆ ತಲುಪಿರಲಿಲ್ಲ. ಹಾಡಿನಲ್ಲಿ ಇದ್ದ ವಿಷಯ ಚಿತ್ರದಲ್ಲಿ ಇರಲಿಲ್ಲ. ತಂಡ ಕನ್ನಡ ಸಬ್‌ಟೈಟಲ್ ಸೇರಿಸಿತು, ಹುಡುಗ ಬ್ಯಾಗ್ ಹಿಡಿದು ಬಸ್ಸಿನಿಂದ ಇಳಿಯುವ ಒಂದು ಶಾಟನ್ನೂ ತೆಗೆಯಿತು.

ಮೂರನೆಯವರು ಸಹಪಾಠಿಗಳು. ಅವರ ದೂರು, “ಹಾಡು ನಿಧಾನ, ಬೀಟ್ ಜಾಸ್ತಿ ಮಾಡಿ.” ಉತ್ತರ ಬರೆದುಕೊಂಡ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೆಚ್ಚಿನವರು ಬೇಸರಪಟ್ಟದ್ದು ಒಂದೇ ಜಾಗದಲ್ಲಿ. ಆರಂಭದಲ್ಲಿ ಮಂಜು ಕವಿದ ಬೆಟ್ಟದ ಮೇಲೆ ಡ್ರೋನ್ ಹಾರುತ್ತಲೇ ಇರುತ್ತದೆ, ಹಾಡು ಶುರುವಾಗುವುದೇ ಇಲ್ಲ. ಮಕ್ಕಳು ಹಾಡಿನ ವೇಗ ಮುಟ್ಟದೆ ಆ ಡ್ರೋನ್ ದೃಶ್ಯಕ್ಕೆ ಕತ್ತರಿ ಹಾಕಿದರು. ಮತ್ತೆ ತೋರಿಸಿದಾಗ ನಿಧಾನವೆಂಬ ದೂರು ಬರಲಿಲ್ಲ. ರೋಗಿ ನೋವಿನ ಜಾಗ ತೋರಿಸುತ್ತಾನೆ, ಮದ್ದು ನಿರ್ಧರಿಸಬೇಕಾದವನು ವೈದ್ಯ. ಯೂಟ್ಯೂಬ್ ಸ್ಟುಡಿಯೊದಲ್ಲಿ ಸಿಗುವ ನಕ್ಷೆಯೂ ಹಾಗೆಯೇ: ಜನ ಯಾವ ಸೆಕೆಂಡಿನಲ್ಲಿ ಬಿಟ್ಟುಹೋದರು ಎಂಬುದನ್ನು ಅದು ತೋರಿಸುತ್ತದೆ, ಏಕೆ ಹೋದರು ಎಂಬುದನ್ನು ಮನುಷ್ಯರನ್ನೇ ಕೇಳಬೇಕು.

ಎಲ್ಲಕ್ಕಿಂತ ಭಾರವಾದ ಮಾತು ಬಂದದ್ದು ಕೊನೆಯಲ್ಲಿ. ಗದ್ದೆ, ತೋಟಗಳಲ್ಲಿ ಕೂಲಿಯಾಗಿ ದುಡಿಯುತ್ತ ಬಂದ ದಕ್ಷಿಣ ಕೊಡಗಿನ ಎರವ ಸಮುದಾಯದ ವಿದ್ಯಾರ್ಥಿನಿ ಮೆಲ್ಲಗೆ ಕೇಳಿದಳು: “ಸರ್, ಆ ಗದ್ದೆಯಲ್ಲಿ ನಾಟಿ ಮಾಡಿದವರು ಎಲ್ಲಿದ್ದಾರೆ?” ಕೋಣೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಜಮೈಕಾ ಮೂಲದ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲೇ ಹೇಳಿದ್ದು ಇದನ್ನು: ಮಾಡಿದವರು ಒಂದರ್ಥ ಇಟ್ಟು ಕಳಿಸುತ್ತಾರೆ, ಕೆಲವರು ಅದನ್ನು ಹಾಗೆಯೇ ಪಡೆಯುತ್ತಾರೆ, ಕೆಲವರು ತಿದ್ದಿಕೊಂಡು ಪಡೆಯುತ್ತಾರೆ, ಕೆಲವರು ತಾವು ನಿಂತ ನೆಲದಿಂದ ಅದಕ್ಕೆ ಎದುರಾಗಿ ಓದುತ್ತಾರೆ. ಆ ಎದುರು ಓದೂ ಪ್ರತಿಕ್ರಿಯೆಯೇ, ಎಷ್ಟೋ ಸಲ ಅದೇ ಮುಖ್ಯವಾದದ್ದು. ತಂಡ ಅವಸರದಲ್ಲಿ ಒಂದು ಶಾಟ್ ಅಂಟಿಸಲಿಲ್ಲ. ಮುಂದಿನ ಹಾಡು ನಾಟಿಯ ಬಗ್ಗೆ ಇರಬೇಕು, ಅದನ್ನು ಅವಳ ಜೊತೆ ಕೂತು ಕಟ್ಟಬೇಕು ಎಂದು ತೀರ್ಮಾನಿಸಿತು. ಆ ತೀರ್ಮಾನವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಹೀಗೆ ಕೇಳಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ವಿಧಾನದಲ್ಲಿ ನಾಲ್ಕು ಹಂತಗಳು: ಮನಸ್ಸಿಗೆ ನಾಟಿದ್ದನ್ನು ನೋಡುಗರು ಹೇಳುವುದು, ತನಗಿರುವ ಅನುಮಾನಗಳನ್ನು ಕಲಾವಿದೆ ಕೇಳುವುದು, ನೋಡುಗರು ಅಭಿಪ್ರಾಯ ಬೆರೆಸದೆ ಪ್ರಶ್ನೆ ಕೇಳುವುದು, ಕೊನೆಗೆ, ಕಲಾವಿದೆ ಒಪ್ಪಿದರೆ ಮಾತ್ರ, ಅಭಿಪ್ರಾಯ ಹೇಳುವುದು. ನಮ್ಮಲ್ಲೂ ಇಂಥ ಅಭ್ಯಾಸ ಇಲ್ಲದಿಲ್ಲ. ಕೆ. ವಿ. ಸುಬ್ಬಣ್ಣನವರು ಬೆಳೆಸಿದ ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಎಲ್ಲರೂ ಕೂತು ಚರ್ಚಿಸುತ್ತಾರೆ. ಅಡಿಕೆ ತೋಟದ ನಡುವಿನ ಆ ಊರಿಗೆ ಸಾಧ್ಯವಾದದ್ದು ಕಾಫಿ ತೋಟದ ನಡುವಿನ ನಮ್ಮ ಕಾಲೇಜುಗಳಿಗೂ ಸಾಧ್ಯ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಮಗಳೋ ನೆರೆಮನೆಯ ಹುಡುಗನೋ ತಾವು ಮಾಡಿದ ವಿಡಿಯೊ ಕಳಿಸಿದರೆ ಹೆಬ್ಬೆರಳು ಒತ್ತಿ ಸುಮ್ಮನಾಗಬೇಡಿ. ಪೂರ್ತಿ ನೋಡಿ. ಯಾವುದು ಮನಸ್ಸಿನಲ್ಲಿ ಉಳಿಯಿತು, ಎಲ್ಲಿ ಅರ್ಥವಾಗಲಿಲ್ಲ, ಯಾರು ಕಾಣಲಿಲ್ಲ ಎಂದು ಮೂರು ಸಾಲು ಬರೆದು ಕಳಿಸಿ. ಹೊಸದೇನನ್ನಾದರೂ ಮಾಡಲು ಹೊರಟ ಮಕ್ಕಳಿಗೆ ದೊಡ್ಡವರು ಕೊಡಬಹುದಾದ ನಿಜವಾದ ಬೆಂಬಲ ಅದೇ.