ಬದುವಿನ ನೆಲನೆಲ್ಲಿಯೂ ಲಿವರ್ ಗಾಯದ ಮದ್ದೂ

ಮುಂಗಾರು ಹಿಡಿದರೆ ಸಾಕು, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ರಾಗಿ ಹೊಲದ ಬದುಗಳಲ್ಲಿ ನೆಲನೆಲ್ಲಿ ತಲೆ ಎತ್ತುತ್ತದೆ. ಗೇಣುದ್ದದ ಗಿಡ. ಕಡ್ಡಿ ಮಗುಚಿ ನೋಡಿದರೆ ಎಲೆಯಡಿ ಸಾಲಾಗಿ ಪುಟ್ಟ ಹಸಿರು ಕಾಯಿಗಳು. ಕಾಮಾಲೆ ಬಂದವರಿಗೆ ಇದನ್ನು ಬೇರುಸಮೇತ ಕಿತ್ತು, ತೊಳೆದು ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿ ಹೊಟ್ಟೆಗೆ ಕುಡಿಸುವುದು ಹಳೆಯ ರೂಢಿ. ಜೊತೆಗೆ ಎಣ್ಣೆ, ಖಾರ ಬಿಡುವ ಪಥ್ಯ. ಲಿವರ್ ಫೈಬ್ರೋಸಿಸ್‌ಗೆ ಮದ್ದು ಹುಡುಕುವ ದಾರಿಗಳಲ್ಲಿ ಒಂದು ಈ ಗಿಡದಿಂದಲೇ ಹೊರಟಿದೆ. ನಡುವೆ ಬೆಂಗಳೂರನ್ನೂ ಹಾದುಹೋಗಿದೆ.

ಗಿಡಕ್ಕೆ ಇಷ್ಟು ಹೆಸರು ಬರಲು ಒಂದು ಕಾರಣವಿದೆ. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ಹೊತ್ತಿನಲ್ಲಿ ಏನು ಕುಡಿಸಿದ್ದರೂ ಶ್ರೇಯ ಅದಕ್ಕೇ. ಬಿ ಮತ್ತು ಸಿ ವೈರಸ್‌ಗಳ ಸ್ವಭಾವವೇ ಬೇರೆ. ಅವು ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನು ಕೆಡಿಸುತ್ತವೆ. ಅವುಗಳ ಮೇಲೂ ಈ ಗಿಡ ನಡೆದೀತೇ?

ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಇದನ್ನು ಗಂಭೀರವಾಗಿ ಕೇಳಿದರು. 1986ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿನಲ್ಲಿದ್ದರು. ಮರುವರ್ಷವೇ ವೆಂಕಟೇಶ್ವರನ್, ಮಿಲ್‌ಮನ್ ಜೊತೆ ಪ್ರಕಟಿಸಿದ ಪ್ರಬಂಧದಲ್ಲಿ, ಈ ಕುಲದ ಗಿಡದ ಸಾರ ವೈರಸ್ಸನ್ನು ತಡೆಯುತ್ತದೆ ಎಂದು ತೋರಿಸಿದರು. 1988ರಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ತಂಡದ ಫಲಿತಾಂಶ ‘ಲ್ಯಾನ್ಸೆಟ್’ನಲ್ಲಿ ಬಂತು. ನೆಲನೆಲ್ಲಿಯ ಪುಡಿಯನ್ನು 30 ದಿನ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಮಾತ್ರೆ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ.

ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಕಾಣಲಿಲ್ಲ. ಇಲ್ಲಿಗೇ ಕಡತ ಮುಚ್ಚಿದ್ದರೆ ದೊಡ್ಡ ನಷ್ಟವಾಗುತ್ತಿತ್ತು ಎಂದೇ ನನ್ನ ಎಣಿಕೆ. ಏಕೆಂದರೆ ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು. ಲಿವರ್ ಹಾಳಾಗುವುದು ವೈರಸ್ಸಿನಿಂದ ಮಾತ್ರವಲ್ಲ, ಅದು ಮಾಡಿದ ಗಾಯ ಮಾಯುವ ರೀತಿಯಿಂದಲೂ ಎಂಬುದು ಸ್ಪಷ್ಟವಾಗುತ್ತಿತ್ತು.

ಲಿವರಿನಲ್ಲಿ ನಕ್ಷತ್ರದಾಕಾರದ ಒಂದು ಬಗೆಯ ಕೋಶಗಳಿವೆ. ಜರ್ಮನಿಯ ಕುಪ್ಫರ್ 1876ರಲ್ಲೇ ಇವನ್ನು ವರ್ಣಿಸಿದ್ದರು. ಸುಮ್ಮನಿರುವಾಗ ಇವು ಎ ಜೀವಸತ್ವವನ್ನು ಎಣ್ಣೆಯ ಹನಿಗಳಲ್ಲಿ ಕೂಡಿಟ್ಟುಕೊಂಡಿರುತ್ತವೆ. ವೈರಸ್ಸೋ ಹೆಂಡವೋ ಕೊಬ್ಬೋ ಪೆಟ್ಟು ಕೊಟ್ಟಾಗ ಆ ಹನಿಗಳನ್ನು ಕಳೆದುಕೊಂಡು, ರೂಪ ಬದಲಿಸಿ, ಕೊಲಾಜೆನ್ ಎಂಬ ನಾರನ್ನು ಸುರಿಸತೊಡಗುತ್ತವೆ. ಒಂದು ಸಲದ ಗಾಯಕ್ಕೆ ಇದು ಒಳ್ಳೆಯದೇ. ಪೆಟ್ಟು ನಿಲ್ಲದಿದ್ದರೆ, ತೇಪೆಯ ಮೇಲೆ ತೇಪೆ ಬಿದ್ದು ಮೂಲ ಬಟ್ಟೆಯೇ ಕಾಣದಾಗುವಂತೆ, ನಾರಿನ ನಡುವೆ ಲಿವರ್ ಕಳೆದುಹೋಗುತ್ತದೆ. ಫೈಬ್ರೋಸಿಸ್ ಎಂದರೆ ಇದೇ. ಕೊನೆಯ ಹಂತ ಸಿರೋಸಿಸ್.

ಒಮ್ಮೆ ಕೂತ ನಾರು ಹೋಗುವುದೇ ಇಲ್ಲ ಎಂದು ವೈದ್ಯರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ ಅಧ್ಯಯನಗಳಲ್ಲಿ 2013ರದ್ದು ಮುಖ್ಯ. ಟೆನೊಫೊವಿರ್ ಮಾತ್ರೆಯಿಂದ ಐದು ವರ್ಷ ಹೆಪಟೈಟಿಸ್ ಬಿ ವೈರಸ್ಸನ್ನು ಅದುಮಿಟ್ಟಾಗ, ಆರಂಭದಲ್ಲಿ ಸಿರೋಸಿಸ್ ಇದ್ದ 96 ಮಂದಿಯಲ್ಲಿ 71 ಮಂದಿಯ ಲಿವರ್ ಆ ಸ್ಥಿತಿಯಿಂದ ಹಿಂದೆ ಬಂದಿತ್ತು. ಪೆಟ್ಟು ನಿಂತರೆ ಲಿವರ್ ನಾರನ್ನು ತಾನೇ ಕರಗಿಸಿಕೊಳ್ಳಬಲ್ಲದು! ಎಷ್ಟು ಸಲ ಓದಿದರೂ ನನಗೆ ಬೆರಗು ತರುವ ಸಂಗತಿಯಿದು.

ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಅವರ ಪ್ರಯೋಗಾಲಯ ನೆಲನೆಲ್ಲಿಯನ್ನು ಮತ್ತೆ ಕೈಗೆತ್ತಿಕೊಂಡಿತ್ತು, ಈ ಸಲ ಹೆಪಟೈಟಿಸ್ ಸಿ ವಿರುದ್ಧ. ಮೊದಲು ಗಿಡದ ಸಾರ, ಆಮೇಲೆ ಅದರೊಳಗಿನ ಒಂದೇ ಅಣು: ಕೊರಿಲಾಜಿನ್. 2018ರಲ್ಲಿ ಪ್ರಕಟವಾದ ಕೆಲಸದಂತೆ, ಅದು ವೈರಸ್ಸಿನ ಎರಡು ಮುಖ್ಯ ಕಿಣ್ವಗಳನ್ನು ತಡೆಯಿತು. ನಾರು ಸುರಿಸಲು ಕೋಶಗಳನ್ನು ಕೆಣಕುವ ಟಿಜಿಎಫ್-ಬೀಟಾ ಸಂಕೇತವನ್ನೂ ತಗ್ಗಿಸಿತು. ಮನುಷ್ಯರ ಲಿವರ್ ಕೋಶಗಳನ್ನು ಕಸಿ ಮಾಡಿದ್ದ ಇಲಿಗಳಲ್ಲಿ ಕೊಲಾಜೆನ್ ಶೇಖರಣೆ ಕಡಿಮೆಯಾಯಿತು.

ಇದು ಇಲಿಗಳಲ್ಲಿ ಕಂಡ ಫಲ. ಹೊಲದಿಂದ ಕಿತ್ತು ಅರೆದ ರಸಕ್ಕೆ ಇದನ್ನು ಹಾಗೇ ಹೊಂದಿಸಿ, ಕಾಮಾಲೆಯಾದಾಗ ರಕ್ತಪರೀಕ್ಷೆಯನ್ನು ಮುಂದೂಡುವುದು ಅಪಾಯ. ಅಣುವೊಂದು ಔಷಧಿಯಾಗಬೇಕಾದರೆ ಮೊದಲು ಅದರ ನಂಜಿನ ಪರೀಕ್ಷೆ ಆಗಬೇಕು. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ ದೇವರಹೊಸಹಳ್ಳಿಯಲ್ಲಿರುವ ಬಯೋನೀಡ್ಸ್‌ನಂಥ ಪ್ರಯೋಗಾಲಯಗಳು ಮಾಡುವುದು ಈ ಬಗೆಯ ಕೆಲಸವನ್ನೇ. ಪ್ರಾಣಿಗಳ ಮೇಲಿನ ಅವಲಂಬನೆ ತಗ್ಗಿಸುವ ಯತ್ನವೂ ಬೆಂಗಳೂರಿನಲ್ಲಿ ನಡೆದಿದೆ: ತುಹಿನ್ ಭೌಮಿಕ್, ಅರುಣ್ ಚಂದ್ರು ಕಟ್ಟಿದ ಪಂಡೋರಂ ಸಂಸ್ಥೆ 2015ರಲ್ಲಿ ಲಿವರ್ ಅಂಗಾಂಶವನ್ನೇ ಮುದ್ರಿಸಿ ತೋರಿಸಿತು.

ಹೆಪಟೈಟಿಸ್ ಸಿ ಇವತ್ತು ಸುಮಾರು ಹನ್ನೆರಡು ವಾರದ ಮಾತ್ರೆಗಳಲ್ಲಿ ಗುಣವಾಗುತ್ತದೆ. ಆ ಜಾಗಕ್ಕೆ ಕೊಬ್ಬಿದ ಲಿವರ್ ಬಂದು ಕೂತಿದೆ. ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆಗೇ ಬರುವ ಇದನ್ನು ಕೇಂದ್ರ ಸರ್ಕಾರ 2021ರಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಇದರಿಂದಾಗುವ ಫೈಬ್ರೋಸಿಸ್‌ಗೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್ ಮಾತ್ರೆಗೆ, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ರೆಸ್ಮೆಟಿರೋಮ್ ತೆಗೆದುಕೊಂಡವರಲ್ಲಿ ನಾರು ಒಂದು ಹಂತವಾದರೂ ಇಳಿದದ್ದು ಸುಮಾರು ಶೇ 25 ಮಂದಿಗೆ. ಹುಸಿ ಮಾತ್ರೆಯವರಲ್ಲಿ ಶೇ 14. ಅಂದರೆ ಹೊಸ ಅಣುಗಳಿಗೆ ಇನ್ನೂ ಬೇಕಾದಷ್ಟು ಜಾಗವಿದೆ.

ಈ ಎರಡಕ್ಕೂ ಒಪ್ಪಿಗೆ ಸಿಕ್ಕಿರುವುದು ಸಿರೋಸಿಸ್‌ಗೆ ಮುಂಚಿನ ಹಂತಕ್ಕೆ. ಆ ಹಂತದಲ್ಲಿ ನೋವಿಲ್ಲ, ಕಣ್ಣು ಹಳದಿಯಾಗುವುದಿಲ್ಲ. ಅದನ್ನು ಮೊದಲು ಅಂದಾಜು ಮಾಡಲು ‘ಫಿಬ್-4’ ಎಂಬ ಲೆಕ್ಕವಿದೆ. ವಯಸ್ಸು, ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳ ಮಟ್ಟ, ಪ್ಲೇಟ್‌ಲೆಟ್ ಸಂಖ್ಯೆ ಇಷ್ಟು ಸಾಕು. ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸಿಗುತ್ತವೆ. ಸಾಮಾನ್ಯವಾಗಿ 1.3ರೊಳಗಿದ್ದರೆ ತೀವ್ರ ಫೈಬ್ರೋಸಿಸ್ ಇರುವ ಸಂಭವ ಕಡಿಮೆ, 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಮುಂದಿನ ಸಲ ರಕ್ತ ಕೊಡುವಾಗ ಈ ಲೆಕ್ಕವನ್ನೂ ಮಾಡಿಕೊಡಿ ಎಂದು ವೈದ್ಯರನ್ನು ಕೇಳಬಹುದು.