ನೀರೆತ್ತುವ ಡೀಸೆಲ್ ಯಂತ್ರ: ಹೊಸದೋ, ಪುನರ್ನಿರ್ಮಿಸಿದುದೋ?

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ರೈತನು ಜಾತ್ರೆಗೆ ಹೋಗಿ ಎತ್ತುಗಳನ್ನು ಕೊಳ್ಳುವಾಗ ಹಲ್ಲುಗಳನ್ನು ನೋಡಿ, ಗೊರಸನ್ನು ಎತ್ತಿ ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಯಿಸಿ, ಆಮೇಲೆಯೇ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಮಾತನಾಡುತ್ತಿದ್ದನು. ಅದೇ ಬಾವಿಯ ದಡದಲ್ಲಿ ಡೀಸೆಲ್ ಯಂತ್ರವನ್ನು ನಿಲ್ಲಿಸಬೇಕೆಂದಾಗ ಮಾತ್ರ, ಹೊಸದಾಗಿ ಬಳಿದ ಹಸುರು ಬಣ್ಣವೊಂದನ್ನೇ ಕಂಡು ಹಳೆಯ ಯಂತ್ರಕ್ಕೆ ಹಣವನ್ನು ಎಣಿಸಿಕೊಡುವವರು ಉಂಟು. ಹಾಗೆಯೇ, ಹಳೆಯದೆಂದ ಮಾತ್ರಕ್ಕೆ ಒಳ್ಳೆಯ ಯಂತ್ರವನ್ನು ತಿರಸ್ಕರಿಸಿ, ಸಾಲ ಮಾಡಿ ಹಗುರವಾದ ಹೊಸ ಯಂತ್ರವನ್ನು ತಂದು ಪಶ್ಚಾತ್ತಾಪಪಡುವವರೂ ಉಂಟು.

ವಿದ್ಯುಚ್ಛಕ್ತಿಯು ಬೇಕಾದ ಹೊತ್ತಿಗೆ ಸರಿಯಾಗಿ ದೊರೆಯುವ ಕಡೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ತಂತಿ ಬಾರದ ಹೊಲಗಳಲ್ಲಿಯೂ, ದಿನಕ್ಕೆ ಕೆಲವೇ ಗಂಟೆಗಳ ಕಾಲ ಮೂರು ಫೇಸಿನ ವಿದ್ಯುತ್ತು ಬರುವ ಊರುಗಳಲ್ಲಿಯೂ ತೆರೆದ ಬಾವಿ, ಕೆರೆ, ಹಳ್ಳಗಳ ನೀರಿಗೆ ಡೀಸೆಲ್ ಯಂತ್ರವು ಈಗಲೂ ಉಪಯುಕ್ತವೇ ಆಗಿದೆ. ಆಳವಾದ ಕೊಳವೆ ಬಾವಿಗೆ ಇದು ಒದಗದು. ದಡದ ಮೇಲಿನ ಪಂಪು ನೀರನ್ನು ಹೀರುವ ಆಳವು ಸಮುದ್ರಮಟ್ಟದಲ್ಲಿ ಲೆಕ್ಕಕ್ಕೆ ಸುಮಾರು ೧೦ ಮೀಟರಾದರೂ, ಕಾರ್ಯತಃ ೬-೭ ಮೀಟರನ್ನು ಮೀರಲಾರದು.

ಮೂರು ಎಕರೆ ಮುಸುಕಿನ ಜೋಳವಿರುವ ಒಂದು ಹೊಲವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಸಾರಿ ೫ ಸೆಂಟಿಮೀಟರ್ ನೀರನ್ನು ಹಾಯಿಸಬೇಕಾದರೆ ಸುಮಾರು ೬೦೦ ಘನ ಮೀಟರ್, ಅಂದರೆ ಆರು ಲಕ್ಷ ಲೀಟರ್ ನೀರು ಬೇಕು. ಸೆಕೆಂಡಿಗೆ ೧೦ ಲೀಟರಿನಂತೆ ಎತ್ತುವ ಪಂಪಿಗೆ ಇದು ಸುಮಾರು ೧೭ ಗಂಟೆಗಳ ಕೆಲಸ. ಸೂಲಂಗಿ ಹೊರಟು ತೆನೆ ಕಟ್ಟುವ ದಿನಗಳಲ್ಲಿ ಈ ಪೈರು ನೀರಿನ ಅಭಾವವನ್ನು ಸ್ವಲ್ಪವೂ ತಾಳದು. ಆ ಸಮಯಕ್ಕೆ ಯಂತ್ರವು ಎಂಟು ದಿನ ಬಿಚ್ಚಿಕೊಂಡು ಬಿದ್ದಿದ್ದರೆ, ಕೊಳ್ಳುವಾಗ ಉಳಿಸಿದ ಹಣವೆಲ್ಲವೂ ಆ ಒಂದು ಬೆಳೆಯಲ್ಲಿಯೇ ಹೋಗುವುದು. ಸಾಲಕ್ಕೆ ಜಾಮೀನು ನಿಂತ ಊರಿನ ಹಿರಿಯರಿಗೂ ಅದರ ಬಿಸಿ ತಟ್ಟದೆ ಇರದು.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರನು ಆಗ್ಸ್‌ಬರ್ಗ್ ನಗರದಲ್ಲಿ ೧೮೯೭ರಲ್ಲಿ ಪರೀಕ್ಷೆಗೆ ಒಡ್ಡಿದ ಯಂತ್ರದ ತತ್ತ್ವವು ಇಂದಿಗೂ ಬದಲಾಗಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ಕಿಡಿಯಿಲ್ಲದೆಯೇ ಅದು ಹೊತ್ತಿಕೊಳ್ಳುತ್ತದೆ. ಆದುದರಿಂದ ಗಾಳಿ ಸೋರಿದರೆ ಕಾವಿಲ್ಲ, ಕಾವಿಲ್ಲದಿದ್ದರೆ ಯಂತ್ರವಿಲ್ಲ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಾರ್ಖಾನೆಯು ೧೯೩೦ರ ಸುಮಾರಿನಲ್ಲಿ ಹೊರತಂದ ನಿಧಾನಗತಿಯ ಮಾದರಿಯು ನಮ್ಮ ದೇಶದಲ್ಲಿ ಬಹುವಾಗಿ ಹರಡಿತು. ಗುಜರಾತಿನ ರಾಜಕೋಟ್ ನಗರದ ಕಾರ್ಖಾನೆಗಳು ಅದನ್ನೇ ಅನುಸರಿಸಿ ಯಂತ್ರಗಳನ್ನು ತಯಾರಿಸಿದುವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿ ನೇಗಿಲುಗಳ ತಯಾರಿಕೆಯಿಂದ ಹೆಸರಾದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಎಣ್ಣೆಯಂತ್ರಗಳ ಕಂಪನಿಯನ್ನು ಸ್ಥಾಪಿಸಿದರು. ನಿಮಿಷಕ್ಕೆ ೬೫೦ ಸುತ್ತು ತಿರುಗುವ, ಮೂರು ಕ್ವಿಂಟಾಲಿಗೂ ಮಿಕ್ಕಿ ತೂಗುವ ಹಳೆಯ ನಿಧಾನ ಯಂತ್ರಗಳ ದೊಡ್ಡ ಗುಣವೇನೆಂದರೆ, ಸವೆಯುವ ಭಾಗಗಳನ್ನೆಲ್ಲ ತೆಗೆದು ಬೇರೆ ಹಾಕಬಹುದು. ಅವುಗಳ ಪುನರ್ನಿರ್ಮಾಣವೆಂಬ ಮಾತಿಗೆ ಅರ್ಥವಿರುವುದು ಇದರಿಂದಲೇ.

ಆದರೆ ದುರಸ್ತಿ ಬೇರೆ, ಪುನರ್ನಿರ್ಮಾಣ ಬೇರೆ. ರಿಂಗುಗಳನ್ನು ಬದಲಾಯಿಸಿ, ವಾಲ್ವುಗಳನ್ನು ಉಜ್ಜಿ, ಬಣ್ಣ ಬಳಿದರೆ ಅದು ದುರಸ್ತಿಯಷ್ಟೆ. ಯಂತ್ರವನ್ನು ಪೂರ್ಣವಾಗಿ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಅಳೆದು, ಅಳತೆ ತಪ್ಪಿದುದನ್ನು ತೆಗೆದುಹಾಕಿದ್ದರೆ ಮಾತ್ರ ಅದನ್ನು ಪುನರ್ನಿರ್ಮಿಸಿದ ಯಂತ್ರವೆನ್ನಬಹುದು. ಕೊಳ್ಳುವವನು ಸಾಧ್ಯವಾದರೆ ಮೇಸ್ತ್ರಿಯು ಹೆಡ್ಡನ್ನು ಬಿಚ್ಚಿರುವಾಗಲೇ ಹೋಗಿ ನೋಡತಕ್ಕದ್ದು. ಸಿಲಿಂಡರು ಹೆಚ್ಚಾಗಿ ಸವೆಯುವುದು ಮೇಲಿನ ರಿಂಗು ಬಂದು ನಿಲ್ಲುವ ಸ್ಥಳದಲ್ಲಿ. ಅಲ್ಲಿ ಉಗುರಿಗೆ ಸಿಕ್ಕುವಷ್ಟು ಏಣು ಇದ್ದರೆ, ಹೊಸ ರಿಂಗು ಹಾಕಿದೆನೆಂಬ ಮಾತಿಗೆ ಬೆಲೆಯಿಲ್ಲ, ಲೈನರನ್ನೇ ಬದಲಾಯಿಸಬೇಕು.

ಇದಕ್ಕಿಂತಲೂ ಮುಖ್ಯವಾದುದು ಕ್ರ್ಯಾಂಕ್ ಶಾಫ್ಟು. ಲೈನರು, ಪಿಸ್ಟನ್ನುಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತವೆ. ಶಾಫ್ಟಿನ ಬೆಲೆ ಹೆಚ್ಚು. ಬೇರಿಂಗು ಕೂರುವ ಸ್ಥಳವು ಅಂಡಾಕಾರವಾಗಿ ಸವೆದಾಗ ಅದನ್ನು ಕಾಲು ಮಿಲಿಮೀಟರು, ಅರ್ಧ ಮಿಲಿಮೀಟರು ಹೀಗೆ ಹಂತಹಂತವಾಗಿ ಸಾಣೆ ಹಿಡಿದು, ಅದಕ್ಕೆ ತಕ್ಕ ಬೇರಿಂಗನ್ನು ಕೂರಿಸುತ್ತಾರೆ. ಎಷ್ಟು ಸಾರಿ ಸಾಣೆ ಹಿಡಿದಿದೆಯೆಂದು ಕೇಳಿ, ಅಳತೆಯನ್ನು ಬರೆಸಿಕೊಳ್ಳಬೇಕು. ಕೊನೆಯ ಹಂತವನ್ನು ಮುಟ್ಟಿದ ಶಾಫ್ಟು ಮುಂದಿನ ದುರಸ್ತಿಗೆ ಒದಗದು. ಅಂತಹ ಯಂತ್ರವನ್ನು ಅಗ್ಗವೆಂದು ಕೊಳ್ಳುವುದು ಹಲ್ಲು ಸವೆದ ಎತ್ತನ್ನು ಕೊಂಡಂತೆಯೇ ಸರಿ. ನೀರಿನ ಕವಚದಲ್ಲಿ ಬಿರುಕನ್ನು ಲಪ್ಪ ಹಚ್ಚಿ ಮುಚ್ಚಿದೆಯೇ ಎಂಬುದನ್ನೂ ನೋಡಬೇಕು. ಎಣ್ಣೆ ಸಿಂಪಡಿಸುವ ನಾಜಲ್ಲನ್ನು ಪರೀಕ್ಷಾ ಪಂಪಿಗೆ ಹಾಕಿಸಿದಾಗ ಎಣ್ಣೆಯು ಮಂಜಿನಂತೆ ಹೊರಬರತಕ್ಕದ್ದು, ತೊಟ್ಟಿಕ್ಕಬಾರದು. ಆ ಹೊತ್ತಿನಲ್ಲಿ ಕೈಯನ್ನು ಮಾತ್ರ ಎದುರಿಗೆ ಹಿಡಿಯಲೇಬಾರದು. ಎಣ್ಣೆಯ ವೇಗವು ಚರ್ಮವನ್ನು ಭೇದಿಸಿ ಒಳಗೆ ಹೋಗುವಷ್ಟಿರುತ್ತದೆ.

ಯಂತ್ರವನ್ನು ನಡೆಯಿಸಿ ನೋಡುವವನು ಬೆಳಗಿನ ಹೊತ್ತು, ಮುನ್ಸೂಚನೆ ಕೊಡದೆ ಹೋಗುವುದು ಲೇಸು. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಯಂತ್ರವು ಯಾರ ಕೈಗಾದರೂ ಹೊರಡುತ್ತದೆ. ತಣ್ಣಗಿರುವಾಗ ಹ್ಯಾಂಡಲ್ ತಿರುಗಿಸಿ, ಒತ್ತಡದ ಸನ್ನೆಯನ್ನು ಬಿಟ್ಟಾಗ ಅದು ಕೈಗೆ ಬಲವಾಗಿ ಎದುರು ನಿಲ್ಲಬೇಕು. ಅನಂತರ ಪಂಪಿನ ಭಾರವನ್ನು ಕೊಟ್ಟು ಅರ್ಧ ಗಂಟೆ ನಡೆಯಿಸಿ ಹೊಗೆಯನ್ನು ಗಮನಿಸತಕ್ಕದ್ದು. ನೀಲಿ ಹೊಗೆಯು ಲೂಬ್ರಿಕೇಟಿಂಗ್ ಎಣ್ಣೆ ಉರಿಯುತ್ತಿದೆಯೆಂಬುದರ ಗುರುತು. ಕಪ್ಪು ಹೊಗೆಯು ಭಾರ ಹೆಚ್ಚಾದುದನ್ನೋ, ಗಾಳಿ ಸಾಲದುದನ್ನೋ, ನಾಜಲ್ಲಿನ ದೋಷವನ್ನೋ ತೋರಿಸುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒತ್ತಡ ಸಾಲದು, ಅಥವಾ ಒಳಗೆ ನೀರು ಸೇರುತ್ತಿದೆ.

ಹೊಸ ಯಂತ್ರಗಳೆಲ್ಲವೂ ಒಂದೇ ಬಗೆಯವಲ್ಲ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಹಗುರ ಯಂತ್ರವನ್ನು ಇಬ್ಬರು ಹೊತ್ತುಕೊಂಡು ಹಳ್ಳದಿಂದ ಹಳ್ಳಕ್ಕೆ ಒಯ್ಯಬಹುದು. ಇದು ದೊಡ್ಡ ಅನುಕೂಲ. ಆದರೆ ಇಡೀ ರಾತ್ರಿ ನಡೆಯಿಸುವ ಕೆಲಸಕ್ಕೆ ಅದು ಬೇಗನೆ ಸವೆಯುತ್ತದೆ. ತಾಲ್ಲೂಕಿನ ಪೇಟೆಯಲ್ಲಿ ಬಿಡಿಭಾಗ ದೊರೆಯದಿದ್ದರಂತೂ ಹೊಸತನವು ಮೊದಲ ಮುರಿತದವರೆಗೆ ಮಾತ್ರ. ಕೋಲಾರ, ಬೆಂಗಳೂರುಗಳಂತಹ ಎತ್ತರದ ಸೀಮೆಯವರು ಇನ್ನೊಂದನ್ನು ನೆನಪಿನಲ್ಲಿಡಬೇಕು: ನೆಲದ ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಯಂತ್ರದ ಶಕ್ತಿ ಕುಗ್ಗುವುದರಿಂದ, ಅಲ್ಲಿ ಸ್ವಲ್ಪ ಹೆಚ್ಚಿನ ಶಕ್ತಿಯ ಯಂತ್ರವನ್ನೇ ಆರಿಸಬೇಕು.

ಕೊನೆಗೆ ನಿರ್ಣಯಿಸುವುದು ಗಂಟೆಗಳ ಲೆಕ್ಕ. ಸವೆದ ಯಂತ್ರವು ಗಂಟೆಗೆ ಕಾಲು ಲೀಟರ್ ಎಣ್ಣೆಯನ್ನು ಹೆಚ್ಚಾಗಿ ಕುಡಿದರೆ, ವರ್ಷಕ್ಕೆ ೩೦೦ ಗಂಟೆ ನಡೆಯಿಸುವವನಿಗೆ ೭೫ ಲೀಟರ್, ಐದು ವರ್ಷಕ್ಕೆ ೩೭೫ ಲೀಟರ್ ನಷ್ಟ. ವಿದ್ಯುತ್ ಪಂಪಿಗೆ ಬೆಂಬಲವಾಗಿ ವರ್ಷಕ್ಕೆ ನೂರು ಗಂಟೆಯೂ ನಡೆಯಿಸದವನಿಗೆ, ಅಳತೆ ನೋಡಿ ಪುನರ್ನಿರ್ಮಿಸಿದ ನಿಧಾನಗತಿಯ ಯಂತ್ರವೇ ಯುಕ್ತ. ಇಡೀ ತೋಟಕ್ಕೆ ಅದೊಂದೇ ಆಧಾರವಾಗಿದ್ದು, ನಂಬಿಕೆಯ ಮೇಸ್ತ್ರಿಯು ಹತ್ತಿರದಲ್ಲಿಲ್ಲದಿದ್ದರೆ ಹೊಸದನ್ನೇ ಕೊಳ್ಳುವುದು ಕ್ಷೇಮ.

ಪುನರ್ನಿರ್ಮಿಸಿದ ಯಂತ್ರವನ್ನು ತಂದವರಲ್ಲಿ ಕೆಲವರು ಅದನ್ನು ಪಳಗಿಸುವೆವೆಂದು ದಿನಗಟ್ಟಲೆ ಭಾರವಿಲ್ಲದೆ ಓಡಿಸುತ್ತಾರೆ. ಇದು ತಪ್ಪು. ಹಾಗೆ ಮಾಡಿದರೆ ರಿಂಗುಗಳು ಸರಿಯಾಗಿ ಕೂರದೆ ಲೈನರು ಗಾಜಿನಂತೆ ನುಣುಪಾಗಿಬಿಡುವುದು. ಮಿತವಾದ ಭಾರವನ್ನು ಕೊಟ್ಟೇ ನಡೆಯಿಸಬೇಕು. ಮೊದಲ ಕೆಲವು ದಿನಗಳಾದ ಮೇಲೆ ಲೂಬ್ರಿಕೇಟಿಂಗ್ ಎಣ್ಣೆಯನ್ನು ಬದಲಾಯಿಸಿ, ಹೆಡ್ಡಿನ ನಟ್ಟುಗಳನ್ನು ಮೇಸ್ತ್ರಿಯಿಂದಲೇ ಬಿಗಿ ಮಾಡಿಸತಕ್ಕದ್ದು. ಹಾಕಿದ ಭಾಗಗಳ ಪಟ್ಟಿ, ಶಾಫ್ಟಿನ ಅಳತೆ, ಹೊಣೆಯ ಅವಧಿ ಇವು ರಸೀತಿಯಲ್ಲಿಯೇ ಇರಲಿ. ಒಂದು ನಾಜಲ್, ಒಂದು ಹೆಡ್ ಗ್ಯಾಸ್ಕೆಟ್, ಒಂದು ಜೊತೆ ರಿಂಗುಗಳನ್ನು ಬಿತ್ತನೆಗೆ ಮುಂಚೆಯೇ ತಂದು ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು.